ಅಂಗೈ ಮೂಸುತ್ತಿದ್ದ ರುದ್ರೇಶಣ್ಣ

ರುದ್ರೇಶಣ್ಣ ಏನನ್ನೇ ನಂಬಬೇಕಾದರೂ ಮೊದಲು ಅದನ್ನು ಅಂಗೈಗೆ ಉಜ್ಜಿ ಮೂಸಿ ನೋಡುತ್ತಿದ್ದ. ಸಂತೆಯಲ್ಲಿ ಕೊತ್ತಂಬರಿ ಕಟ್ಟು ಹಿಸುಕಿ ಅಂಗೈ ಮೂಸುತ್ತಿದ್ದ. ಹೊಸ ಚಪ್ಪಲಿ ತಂದರೆ ತೊಗಲು ಉಜ್ಜಿ ಮೂಸುತ್ತಿದ್ದ. ಒಮ್ಮೆ ನನ್ನ ಬಣ್ಣದ ಅಂಗಡಿಗೆ ಬಂದವನು ತೆರೆದಿಟ್ಟ ಡಬ್ಬಿಯಲ್ಲಿ ಬೆರಳದ್ದಿ, ಅಂಗೈಗೆ ಸವರಿಕೊಂಡು, ಮೂಗಿನ ಹತ್ತಿರ ತಂದು, "ಇದ್ರಾಗೆ ಸುಣ್ಣ ಜಾಸ್ತಿ ಐತೆ ಕಣ್ಲೇ ಪ್ರಕಾಶ" ಎಂದ. ಎದುರಿಗೆ ಗಿರಾಕಿ ನಿಂತಿದ್ದ. ಅವನು ಡಬ್ಬಿಯನ್ನೂ ನನ್ನನ್ನೂ ಒಂದು ಸಲ ನೋಡಿ, ಚೀಲ ಎತ್ತಿಕೊಂಡು ಹೊರಟೇಹೋದ. ನಾನು ರೇಗಿದೆ. ರುದ್ರೇಶಣ್ಣನಿಗೆ ನನ್ನ ಸಿಟ್ಟು ಅರ್ಥವೇ ಆಗಲಿಲ್ಲ. "ಸುಳ್ಳೇನಾದ್ರೂ ಹೇಳಿದ್ನಾ? ನೀನೇ ಮೂಸಿ ನೋಡು" ಎಂದು ಅಂಗೈಯನ್ನು ನನ್ನ ಮುಖಕ್ಕೆ ಹಿಡಿದ. ಅವನು ಸುಳ್ಳು ಹೇಳಿರಲಿಲ್ಲ, ಅದೇ ಅವನ ತೊಂದರೆ.

ಈ ಚಟ ಅವನಿಗೆ ಮಿಲ್ಲಿನಿಂದ ಬಂದದ್ದು. ಚಳ್ಳಕೆರೆಯ ತುಂಬ ಶೇಂಗಾ ಎಣ್ಣೆಯ ಮಿಲ್ಲುಗಳು ಓಡುತ್ತಿದ್ದ ಕಾಲದಲ್ಲಿ ಅವರ ತಂದೆಯದೂ ಒಂದಿತ್ತು. ಎಣ್ಣೆ ಕೊಳ್ಳಲು ಬಂದ ವ್ಯಾಪಾರಿಗಳು ಡಬ್ಬದ ಮೇಲೆ ಏನು ಬರೆದಿದೆ ಎಂದು ಓದುತ್ತಿರಲಿಲ್ಲ. ಅಂಗೈಗೆ ಒಂದಿಷ್ಟು ಹನಿ ಬಿಡಿಸಿಕೊಂಡು, ಇನ್ನೊಂದು ಅಂಗೈಯಿಂದ ಬಿಸಿಯೇರುವ ಹಾಗೆ ಉಜ್ಜಿ, ಮೂಸಿ, ನಾಲಗೆಗೆ ತಾಗಿಸಿ, ಆಮೇಲೆ ಮಾತಿಗೆ ಕೂರುತ್ತಿದ್ದರು. ಹಣೆತುಂಬ ವಿಭೂತಿ ಬಳಿದುಕೊಂಡು ಗದ್ದುಗೆಯ ಮೇಲೆ ಕೂತ ಅವರ ತಂದೆ ತಮ್ಮ ಎಣ್ಣೆಯ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಆಡುತ್ತಿರಲಿಲ್ಲವಂತೆ. "ಕೈ ಮುಂದೆ ಮಾಡ್ರಿ" ಅನ್ನುವುದೊಂದೇ. ರುದ್ರೇಶಣ್ಣ ಇದನ್ನು ಅಂಗೈ ವ್ಯಾಪಾರ ಎಂದು ಕರೆಯುತ್ತಿದ್ದ. ಜಗತ್ತಿನಲ್ಲಿ ಇನ್ನೊಂದು ಥರದ ವ್ಯಾಪಾರವೂ ಇದೆ, ಬಾಯಿ ವ್ಯಾಪಾರ. ಅದು ಮೊಳಕಾಲ್ಮೂರಿನಲ್ಲಿ ಸೀರೆ ಅಂಗಡಿ ಇಟ್ಟಿದ್ದ ಅವನ ಸೋದರಮಾವನದು.

ಪ್ಯಾಕೆಟ್ ಎಣ್ಣೆ ಬಂದು ಮಿಲ್ಲು ನಿಂತಿತು. ತಂದೆ ತೀರಿಕೊಂಡರು. ಅಣ್ಣತಮ್ಮಂದಿರ ಭಾಗದಲ್ಲಿ ರುದ್ರೇಶಣ್ಣನಿಗೆ ಬಂದದ್ದು ರಸ್ತೆಗೆ ಮುಖ ಮಾಡಿದ ಒಂದು ಕೋಣೆ, ಮೊದಲು ಮಿಲ್ಲಿನ ಆಫೀಸಾಗಿದ್ದದ್ದು. ನನ್ನ ಅಂಗಡಿಯ ಎದುರಿಗೇ. ಸೋದರಮಾವ ಬಂದು ಕೂತು, "ಬಾರಪ್ಪಾ, ನನ್ನ ಗದ್ದುಗೆ ಮೇಲೆ ಕೂತ್ಕೋ. ನಂಗೆ ಗಂಡು ಮಕ್ಕಳಿಲ್ಲ. ಚಳ್ಳಕೆರೆಯಾಗೆ ಏನುಂದಿ ರಾ?" ಎಂದು ಅರ್ಧ ತೆಲುಗಿನಲ್ಲಿ ಕರೆದ. ಅವನ ಅವ್ವನಿಗೂ ಅದೇ ಆಸೆ. ರುದ್ರೇಶಣ್ಣ ಒಪ್ಪಲಿಲ್ಲ. ಅಂದು ಸಂಜೆ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿದ್ದು ಇನ್ನೂ ನೆನಪಿದೆ: "ಅಲ್ಲಿಗೆ ಹೋದ್ರೆ ನಾನು ಅವ್ರ ಬಾಯಿ ಆಗ್ಬೇಕು ಕಣ್ಲೇ. ಬೆಳಿಗ್ಗೆಯಿಂದ ಸಂಜೆ ತನಕ ಬಂದೋರಿಗೆಲ್ಲ ಬರೀ ಸುಳ್ಳು. ಈ ಕೋಣೆ ಉಳಿಸ್ಕಂಡ್ರೆ ನಾನು ನಾನಾಗಿರ್ತೀನಿ. ಇಲ್ಲಾಂದ್ರೆ ಹೋದೆ ಅಂತ ತಿಳ್ಕೋ."

ಆ ಕೋಣೆಯಲ್ಲಿ ಅವನು ತೆರೆದದ್ದು ವಿಡಿಯೋ ಗೇಮಿನ ಅಂಗಡಿ. ಓಣಿಯವರೆಲ್ಲ ನಕ್ಕರು. ವಿಭೂತಿ ಇಟ್ಟ ಮನುಷ್ಯ, ನಲವತ್ತರ ಹತ್ತಿರ ಬಂದವನು, ಟೀವಿಯ ಮುಂದೆ ಕೂತು ಗುದ್ದಾಡುವುದೆಂದರೆ ನಗದೆ ಇನ್ನೇನು. ಆದರೆ ಅವನ ಕೈ ಒಳ್ಳೆಯ ಕೈ. ದಾವಣಗೆರೆಯಲ್ಲಿ ಓದುವಾಗಲೇ ಆ ಆಟಗಳ ಹುಚ್ಚು ಹತ್ತಿತ್ತು. ಅಂಗಡಿಯಲ್ಲಿ ಆಡಲಿಕ್ಕೂ ಬಿಡುತ್ತಿದ್ದ, ಆಟದ ಡಿಸ್ಕುಗಳನ್ನು ಮಾರುತ್ತಲೂ ಇದ್ದ. ಅವನಲ್ಲಿ ಎಲ್ಲಕ್ಕಿಂತ ಹೆಚ್ಚು ನಡೆಯುತ್ತಿದ್ದದ್ದು ಒಂದು ಹೊಡೆದಾಟದ ಆಟ: ಇಬ್ಬರು ಎದುರುಬದುರು ನಿಂತು, ಒಬ್ಬ ಬೀಳುವವರೆಗೆ ಗುದ್ದು, ಒದೆ. ಅಷ್ಟೇ. ಆ ಆಟವನ್ನು ಮಾಡಿದ ಕಂಪನಿ ಅದನ್ನು ಟೀವಿಗೆ ಜೋಡಿಸಿ ಆಡುವ, ಎರಡು ಬೇರೆ ಬೇರೆ ಕಂಪನಿಗಳ ಪೆಟ್ಟಿಗೆಗಳಿಗೂ ಹೊಂದುವಂತೆ ತಂದಿತ್ತು. ಒಂದು ಕಪ್ಪು ಪೆಟ್ಟಿಗೆ, ಒಂದು ಬಿಳೀ ಪೆಟ್ಟಿಗೆ. ನಮ್ಮ ಹುಡುಗರು ಎತ್ತುಗಳಿಗೆ ಹೆಸರಿಟ್ಟ ಹಾಗೆ ಕರೇದು, ಬಿಳೇದು ಎಂದು ಕರೆದರು. ರುದ್ರೇಶಣ್ಣ ಎರಡನ್ನೂ ತಂದು ಅಕ್ಕಪಕ್ಕ ಇಟ್ಟ.

ಆಟ ಅದೇ, ಅದೇ ಜಟ್ಟಿಗಳು, ಅದೇ ಗುದ್ದು. ಹಾಗೆ ನೋಡಿದರೆ ಬಿಳಿಯದರಲ್ಲಿ ಚಿತ್ರ ಸ್ವಲ್ಪ ಚೊಕ್ಕ, ಆಟ ಬೇಗ ತೆರೆಯುತ್ತಿತ್ತು. ರುದ್ರೇಶಣ್ಣ ಎರಡನ್ನೂ ವಾರಗಟ್ಟಲೆ ಆಡಿ, ತನ್ನ ಅಂಗೈಯ ತೀರ್ಪು ಕೊಟ್ಟಿದ್ದ: "ಬಿಳೇದೇ ಒಂದ್ ಗುಂಜಿ ಜಾಸ್ತಿ." ಡಿಸ್ಕನ್ನೂ ಮೂಸಿದ್ದನೋ ಏನೋ, ನಾನು ಕೇಳಲಿಲ್ಲ.

ಜನ ಮಾತ್ರ ಕರಿಯದರ ಮುಂದೆ ಸಾಲುಗಟ್ಟಿದರು. ಕರಿಯದರ ಮುಂದೆ ನೂಕುನುಗ್ಗಲು, ಬಿಳಿಯದರ ಮುಂದೆ ಖಾಲಿ ಬೆಂಚು. ಕಾದು ಕಾದು ಬೇಸತ್ತವರೂ ಆ ಬೆಂಚಿನ ಮೇಲೆ ಕೂತು ಕರಿಯದರ ಕಡೆಗೆ ಕತ್ತು ತಿರುಗಿಸಿಕೊಂಡಿರುತ್ತಿದ್ದರು. ಡಿಸ್ಕಿನ ಮಾರಾಟವೂ ಹಾಗೆಯೇ. ಕರಿಯದರ ಡಿಸ್ಕು ಬಂದ ಹಾಗೇ ಖಾಲಿ, ಬಿಳಿಯದರದು ಹಾಳೆಯನ್ನೂ ಬಿಚ್ಚದೆ ಗೋಡೆಗೆ ಒರಗಿ ಬಿಸಿಲಿಗೆ ಬಣ್ಣ ಬಿಡುತ್ತಿತ್ತು. ಬೆಲೆ ಇಳಿಸಿದ. ಇಳಿಸಿದ್ದು ನೋಡಿ, "ಏನೋ ಐಬು ಇರ್ಬೇಕು ಅಣ್ಣ" ಅಂದರು. ಏರಿಸಿದ. ಆಗಲೂ ಯಾರೂ ಕೇಳಲಿಲ್ಲ.

"ಯಾಕ್ರಲೇ?" ಎಂದು ಬಂದವರನ್ನೆಲ್ಲ ಹಿಡಿದು ಕೇಳುತ್ತಿದ್ದ. ಅವರಿಗೇನು ಗೊತ್ತು? "ರೂಢಿ ಅಣ್ಣ" ಎಂದನೊಬ್ಬ. "ಎಲ್ರೂ ಅದ್ರಾಗೇ ಆಡ್ತಾರಲ್ಲಣ್ಣ" ಎಂದನಿನ್ನೊಬ್ಬ. ಎಲ್ಲರೂ ಆಡುತ್ತಾರೆ ಎಂಬ ಮಾತು ಕೇಳಿದರೆ ರುದ್ರೇಶಣ್ಣನ ಮೈ ಉರಿಯುತ್ತಿತ್ತು. "ಎಲ್ರೂ ಅಂದ್ರೆ ಯಾರ್ಲೇ? ನೀನು ಇವ್ನನ್ನ ತೋರಿಸ್ತೀಯಾ, ಇವ್ನು ನಿನ್ನ ತೋರಿಸ್ತಾನೆ. ನಿಮ್ಮಾಗೆ ಒಬ್ನಾದ್ರೂ ಆಡಿ ನೋಡಿದೀರಾ?"

ನಾನು ಸುಮ್ಮನೆ ಎದುರು ಅಂಗಡಿಯಲ್ಲಿ ಕೂತು ನೋಡುತ್ತಿದ್ದವನು. ನನಗೆ ಕಂಡದ್ದನ್ನು ಹೇಳುತ್ತೇನೆ. ಕರಿಯದರ ಗುಂಡಿಗಳ ಮೇಲೆ ಚಿತ್ರಗಳಿದ್ದವು: ಒಂದು ಸೊನ್ನೆ, ಒಂದು ಮುಕ್ಕೋನ, ಒಂದು ಚೌಕ, ಒಂದು ಗುಣಾಕಾರದ ಗುರುತು. ಬಿಳಿಯದರ ಮೇಲೆ ಇಂಗ್ಲಿಷ್ ಅಕ್ಷರಗಳು. ಆಡುವವರು ಇಬ್ಬರೇ ಆದರೂ ಬೆನ್ನ ಹಿಂದೆ ಹತ್ತಾರು ಜನ ನಿಂತು, "ಸೊನ್ನೆ ಒತ್ತಲೇ, ಸೊನ್ನೆ! ಇಂಟು ಹಾಕು! ಅಯ್ಯೋ ಮುಕ್ಕೋನ ಬಿಟ್ಟ ನೋಡು ಕಳ್ಳ!" ಎಂದು ಅರಚುತ್ತಿದ್ದರು. ಯಾರು ಹೊಸದಾಗಿ ಬಂದರೂ ಈ ಕೂಗನ್ನು ಕೇಳಿಯೇ ಆಟ ಕಲಿಯುತ್ತಿದ್ದರು. "ಸೊನ್ನೆ ಸೊನ್ನೆ ಇಂಟು" ಎಂದರೆ ಯಾವ ಒದೆ ಎಂದು ನಮ್ಮೂರಿನ ಅರ್ಧ ಜನಕ್ಕೆ ಗೊತ್ತಿತ್ತು, ಸೋಡಾ ಅಂಗಡಿಯವನಿಗೂ. ಬಿಳಿಯದರ ಮುಂದೆ ಕೂತರೆ ಹಿಂದೆ ನಿಂತವರಿಗೆ ಕೂಗುವುದಕ್ಕೇ ಏನೂ ಇರಲಿಲ್ಲ. ಬಿ, ಬಿ, ಎ ಎಂದು ಕೂಗಿದರೆ ಕಾನ್ವೆಂಟಿನಲ್ಲಿ ಪಾಠ ಒಪ್ಪಿಸಿದ ಹಾಗೆ. ಕೂಗುವವರಿಲ್ಲದ ಕಡೆ ನಮ್ಮ ಜನಕ್ಕೆ ಹೊಡೆದಾಟ ಸಪ್ಪೆ, ಅದು ಬೀದಿಯಲ್ಲಾದರೂ ಅಷ್ಟೇ, ಟೀವಿಯಲ್ಲಾದರೂ ಅಷ್ಟೇ.

ಇದನ್ನು ನಾನು ಅವನಿಗೆ ಹೇಳಿದೆ. "ಅದು ಆಟದ ಗುಣ ಅಲ್ವಲ್ಲೋ, ಅದು ಹಿಂದೆ ನಿಂತೋರ ಗುಣ" ಎಂದು ತಳ್ಳಿಹಾಕಿದ.

ಒಂದು ಸಲ ನಾಯಕನಹಟ್ಟಿಯಿಂದ ಒಬ್ಬ ಟೀಚರಮ್ಮ ಬಂದರು. ಮಗ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದಿದ್ದ. ಪೆಟ್ಟಿಗೆ ಮತ್ತು ಆ ಆಟ ಎರಡನ್ನೂ ಕೊಡಿಸಬೇಕು. ರುದ್ರೇಶಣ್ಣ ಅವರನ್ನು ಕೂರಿಸಿ, ಎರಡು ಟೀವಿಗಳನ್ನೂ ಹಚ್ಚಿ, ಚಿತ್ರ ತೋರಿಸಿ, ತೆರೆಯುವ ವೇಗ ತೋರಿಸಿ, ಬಿಳಿಯದು ಯಾಕೆ ಒಳ್ಳೆಯದೆಂದು ಬೆವರಿಳಿಯುವಂತೆ ಹೇಳಿದ. ಆಕೆ ಮರ್ಯಾದೆಯಿಂದ ಪೂರ್ತಿ ಕೇಳಿಸಿಕೊಂಡರು. "ನೀವು ಹೇಳೋದು ಸರಿ ಐತ್ರಿ. ಆದ್ರೆ ನಮ್ ಹುಡುಗನ ಗೆಳೇರ ಮನೇಲೆಲ್ಲ ಕರೇದೈತೆ. ರಾತ್ರಿ ಫೋನಾಗೆ ಮಾತಾಡ್ಕಂಡು ಅಲ್ಲಿಂದಿಲ್ಲಿಗೆ ಆಡ್ತಾರಂತೆ. ಕರೇದಿದ್ದೋರು ಕರೇದಿದ್ದೋರ ಜತೆಗೇ ಆಡಕ್ಕಾಗೋದಂತೆ. ಇವ್ನೊಬ್ಬ ಬಿಳೇದಿಟ್ಕಂಡು ಯಾರ್ ಜತೆ ಹೊಡೆದಾಡ್ತಾನ್ರಿ, ಗೋಡೆ ಜತೆಗಾ?"

ಹೊಡೆದಾಟಕ್ಕೆ ಇನ್ನೊಬ್ಬ ಬೇಕು, ಮಾತು ಅಷ್ಟೇ ಸುಲಭ. ರುದ್ರೇಶಣ್ಣ ಕರಿಯದನ್ನು ಪೊಟ್ಟಣ ಕಟ್ಟಿ ಕೊಟ್ಟ. ಆಕೆ ಬಸ್ಸಿಗೆ ಹೋದ ಮೇಲೆ ಬಿಳಿಯದರ ಮೇಲಿನ ಧೂಳನ್ನು ಅಂಗಿಯ ತುದಿಯಿಂದ ಒರೆಸುತ್ತ ಬಹಳ ಹೊತ್ತು ಕೂತಿದ್ದ.

ಅದೇ ದಿನಗಳಲ್ಲಿ ಸೋದರಮಾವನ ಮನೆಯ ಗೃಹಪ್ರವೇಶಕ್ಕೆ ನನ್ನನ್ನೂ ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ. ಸಿದ್ದಾಪುರದ ಹತ್ತಿರ ಬಂದಾಗ ಬ್ರಹ್ಮಗಿರಿಯ ಕಡೆ ಬೈಕು ತಿರುಗಿಸಿದ. ಅಶೋಕನ ಶಾಸನದ ಬಂಡೆಗೆ ಮನೆ ಕಟ್ಟಿ ಕಾಪಾಡಿದ್ದಾರೆ. ಯಾವುದೋ ಶಾಲೆಯ ಮಕ್ಕಳು ಸಾಲಾಗಿ ನೋಡುತ್ತಿದ್ದರು. ಅವನು ಒಳಗೆ ಬರಲೇ ಇಲ್ಲ. ಹೊರಗೇ ನಿಂತು ದೂರದ ಬೆಟ್ಟದ ಕಡೆ ಕೈ ತೋರಿಸಿದ. "ಇದೇ ರಾಜ, ಇದೇ ಮಾತು, ಸಿದ್ದಾಪುರದ ಬಂಡೆ ಮೇಲೂ ಐತೆ, ಅಗೋ ಆ ಜಟಿಂಗ ರಾಮೇಶ್ವರದ ಗುಡ್ಡದ ಮೇಲೂ ಐತೆ. ಎಲ್ರೂ ಬರೋದು ಇಲ್ಲಿಗೆ. ಅಲ್ಲಿರೋ ಮಾತು ಸುಳ್ಳಾ ಹಂಗಾದ್ರೆ?" ಎಂದ. ನಾನು ನಕ್ಕೆ. ಅವನು ನಗಲಿಲ್ಲ. ಆಗ ಮೊದಲ ಸಲ ನನಗೆ ಸ್ವಲ್ಪ ಹೆದರಿಕೆಯಾಯಿತು. ಅಂಗಡಿಯ ಚಿಂತೆ ಅಂಗಡಿಯಲ್ಲೇ ಇರಬೇಕು, ಬೆಟ್ಟದವರೆಗೆ ಬರಬಾರದು.

ಮಾವನ ಸೀರೆ ಅಂಗಡಿಯಲ್ಲಿ ಆವತ್ತೂ ವ್ಯಾಪಾರ ಬಿಟ್ಟಿರಲಿಲ್ಲ. ನಾವು ಮೂಲೆಯಲ್ಲಿ ಕೂತು ನೋಡಿದೆವು. ದೇವಸಮುದ್ರದ ಕಡೆಯ ಹೆಂಗಸರು ಬಂದಿದ್ದರು. ಮಾವ ಒಂದು ಸೀರೆಯ ಸೆರಗನ್ನು ಗಾಳಿಗೆ ಬೀಸಿ ಹರಡಿ, ಅದರ ನೇಯ್ಗೆಯ ಬಗ್ಗೆಯಾಗಲಿ ಜರಿಯ ಬಗ್ಗೆಯಾಗಲಿ ಒಂದಕ್ಷರವನ್ನೂ ಹೇಳದೆ, ಮುಖ ಅರಳಿಸಿ, "ಈಗ ಎಲ್ರೂ ಇದೇ ತಗಳ್ತಿರೋದು ಕಣಮ್ಮಾ" ಎಂದ. ಅದೇ ಮಗ್ಗದಿಂದ ಬಂದ, ಅಂಚಿನ ಬಣ್ಣವೊಂದು ಬೇರೆಯಾದ ಇನ್ನೊಂದು ಸೀರೆ ಪಕ್ಕದಲ್ಲೇ ಮಡಿಸಿ ಬಿದ್ದಿತ್ತು. ಅದನ್ನು ಯಾರೂ ಮುಟ್ಟಲಿಲ್ಲ. ಹೆಂಗಸರು ಮಾವ ಹೇಳಿದ್ದನ್ನೇ ಕೊಂಡರು. ರುದ್ರೇಶಣ್ಣ ನನ್ನ ತೊಡೆ ಹಿಂಡಿ, "ಕೇಳಿದೇನ್ಲೇ? ಎಲ್ರೂ ಅಂತೆ! ಬೆಳಿಗ್ಗೆಯಿಂದ ಇದೇ ಮೊದಲ್ನೇ ಬೋಣಿ, ಯಾರ್ಲೇ ಆ ಎಲ್ರೂ?" ಎಂದು ಪಿಸುಗುಟ್ಟಿದ. ಆಮೇಲೆ ಮಾವನ ಮನೆಯ ಊಟದಲ್ಲಿ ಹೋಳಿಗೆಯನ್ನೂ ಸರಿಯಾಗಿ ತಿನ್ನದೆ ಎದ್ದ.

ಅವನ ಅವ್ವ ಅಲ್ಲೇ ಇದ್ದರು. ಅವರದೂ ಸೀರೆಯವರ ಮನೆಯಲ್ಲಿ ಹುಟ್ಟಿದ ಜೀವ. "ಸೀರೆ ನೋಡಿ ಯಾರೂ ಸೀರೆ ತಗಳಲ್ಲ ಕಣೋ ರುದ್ರಾ. ಉಟ್ಕಂಡ್ ಹೋದಾಗ ನಾಕ್ ಜನ ಗುರ್ತು ಹಿಡೀತಾರಾ ಅಂತ ನೋಡ್ತಾರೆ. ನೀನೂ ಜನರ ಥರ ಒಸಿ ಇರಾದು ಕಲಿ" ಎಂದರು. "ಎಣ್ಣೆ ಹಂಗಲ್ಲವ್ವ" ಎಂದ. ಅವ್ವ ನಿಟ್ಟುಸಿರುಬಿಟ್ಟು, "ಎಣ್ಣೆನೂ ಈಗ ಪ್ಯಾಕೆಟ್ ಮೇಲಿನ ಚಿತ್ರ ನೋಡೇ ತಗಳಾದು" ಎಂದರು. ಗಂಡನ ಮಿಲ್ಲು ಕಳೆದುಕೊಂಡವರ ಮಾತು ಅದು.

ಊರಿಗೆ ಬಂದ ಕೆಲವೇ ದಿನಕ್ಕೆ ಪಾವಗಡ ರಸ್ತೆಯಲ್ಲಿ ಇನ್ನೊಂದು ಗೇಮಿನ ಅಂಗಡಿ ತೆರೆಯಿತು. ಅದರ ತುಂಬ ಬರೀ ಕರಿಯವು. ನಮ್ಮ ಕಡೆಯ ಗುಂಪು ಸ್ವಲ್ಪ ಸ್ವಲ್ಪವಾಗಿ ಆ ಕಡೆ ಸರಿಯತೊಡಗಿತು. ಉಳಿದವರೂ ಉಳಿದದ್ದು ಬಾಷಾನಿಗಾಗಿ. ಬಾಷಾ ಬೈಕ್ ಷೋರೂಮಿನಲ್ಲಿ ಕೆಲಸಕ್ಕಿದ್ದ ಯುವಕ, ಇಡೀ ತಾಲ್ಲೂಕಿನಲ್ಲಿ ಆ ಆಟದಲ್ಲಿ ಅವನನ್ನು ಕೆಡವಿದವರಿಲ್ಲ. ಅವನು ಎಲ್ಲಿ ಆಡುತ್ತಾನೋ ಜನ ಅಲ್ಲಿ. ಅವನಿಗೆ ರುದ್ರೇಶಣ್ಣನ ಮೇಲೆ ಗೌರವವಿತ್ತು. "ಅಣ್ಣ, ಇನ್ನೊಂದ್ ಕರೇದು ತಂದ್ಬಿಡ್ರಿ, ಯಾರೂ ಆ ಕಡೆ ಹೋಗಲ್ಲ" ಎಂದು ಅವನೇ ಹೇಳಿದ್ದ. ನಾನೂ ಹೇಳಿದೆ. ಇನ್ನೊಂದು ಕರಿಯದು ತಂದಿದ್ದರೆ ಅಂಗಡಿ ಇಂದಿಗೂ ಇರುತ್ತಿತ್ತು. ರುದ್ರೇಶಣ್ಣ ತಂದದ್ದು ಕಂಬಳಿಗಳನ್ನು.

ನಮ್ಮೂರ ಕರೀ ಕಂಬಳಿಗಳು. ಒಂದು ಭಾನುವಾರ ಎಲ್ಲರನ್ನೂ ಕರೆಸಿದ. ಎರಡು ಪೆಟ್ಟಿಗೆಗಳನ್ನೂ ಕಂಬಳಿಯಿಂದ ಪೂರ್ತಿ ಮುಚ್ಚಿದ್ದ. ಟೀವಿಯಲ್ಲಿ ಆಗಲೇ ಆಟ ತೆರೆದಿತ್ತು, ಪೆಟ್ಟಿಗೆಯ ಗುರುತು ಎಲ್ಲೂ ಕಾಣುತ್ತಿರಲಿಲ್ಲ. ಕೈಯಲ್ಲಿ ಹಿಡಿದು ಆಡಲು ಬಡಗಿಯಿಂದ ಮರದ ಹಲಗೆಗಳನ್ನು ಮಾಡಿಸಿ, ಅವಕ್ಕೆ ಒಂದೇ ಥರದ ಹಿಡಿ, ಒಂದೇ ಥರದ ಗುಂಡಿಗಳನ್ನು ಕೂರಿಸಿದ್ದ. ಗುಂಡಿಗಳ ಮೇಲೆ ಸೊನ್ನೆಯೂ ಇಲ್ಲ, ಅಕ್ಷರವೂ ಇಲ್ಲ. ಅವನ್ನು ಎರಡು ಪೆಟ್ಟಿಗೆಗೂ ಹೊಂದಿಸಲು ಎಷ್ಟು ದಿನ ಒದ್ದಾಡಿದ್ದನೋ. ಕಂಬಳಿಯನ್ನು ಯಾರೂ ಎತ್ತದ ಹಾಗೆ ನೋಡಿಕೊಳ್ಳುವ ಕೆಲಸ ನನ್ನದು. ಎಡಕ್ಕೆ ಯಾವುದು, ಬಲಕ್ಕೆ ಯಾವುದು ನನಗೂ ಹೇಳಿರಲಿಲ್ಲ.

"ಯಾರೂ ಬಾಯಿ ಬಿಡಂಗಿಲ್ಲ" ಎಂದು ಶುರು ಮಾಡಿದ. "ಕೂಗಂಗಿಲ್ಲ. ಎಡಗಡೇದ್ರಾಗೆ ಒಂದಾಟ, ಬಲಗಡೇದ್ರಾಗೆ ಒಂದಾಟ. ಬರೀ ಕೈ ಮೇಲೆ ನಿಗಾ ಇಟ್ಟು ಆಡ್ರಿ. ಆಮೇಲೆ ನಿಮ್ ಕರೇದು ಯಾವ್ದು ಅಂತ ನೀವೇ ಹೇಳ್ರಿ." ಅವರ ತಂದೆ "ಕೈ ಮುಂದೆ ಮಾಡ್ರಿ" ಎನ್ನುತ್ತಿದ್ದದ್ದು ಹೀಗೇ ಇದ್ದಿರಬೇಕು. ಅವನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮತ್ತೆ ನೋಡಲಿಲ್ಲ.

ಆಡಿದರು. ಸಾವಿನ ಮನೆಯಷ್ಟು ಮೌನ. ಒಬ್ಬ ಎಡದ್ದು ಕರೇದು ಎಂದ, ಇನ್ನೊಬ್ಬ ಬಲದ್ದು ಎಂದ, ಮತ್ತೊಬ್ಬ ತಲೆ ಕೆರೆದುಕೊಂಡ. ಕೊನೆಗೆ ಬಾಷಾ ಕೂತ. ಎರಡೂ ಕಡೆ ಎದುರಾಳಿಯನ್ನು ಸಲೀಸಾಗಿ ಕೆಡವಿ ಎದ್ದು ನಿಂತು, "ಎಡಗಡೇದು ಕರೇದು. ಕಸಮ್ ಅಣ್ಣ, ಕಣ್ ಮುಚ್ಚಿ ಹೇಳ್ತೀನಿ. ಬಲಗಡೇದ್ರಾಗೆ ಕೈ ಎಳೀತೈತೆ, ಒದ್ರೆ ಲೇಟಾಗಿ ಬೀಳ್ತೈತೆ" ಎಂದ. ತಕ್ಷಣ ಬಲದ್ದು ಎಂದಿದ್ದವರೂ ತಲೆ ಕೆರೆದುಕೊಂಡವರೂ "ಹೌದೌದು, ಎಡಗಡೇದೇ" ಎಂದರು.

ರುದ್ರೇಶಣ್ಣ ಎಡಗಡೆಯ ಕಂಬಳಿ ಎಳೆದ. ಬಿಳಿಯದು.

ಆ ಗಳಿಗೆಯಲ್ಲಿ ಅವನು ಸುಮ್ಮನಿದ್ದಿದ್ದರೆ! ಅವನು ಸುಮ್ಮನಿರಲಿಲ್ಲ. ಅಂಗೈ ತಟ್ಟಿಕೊಂಡು ಜೋರಾಗಿ ನಕ್ಕ. "ಕಣ್ ಮುಚ್ಚಿ ಹೇಳ್ತೀನಿ ಅಂದ್ಯಲ್ಲೋ ಬಾಷಾ, ಈಗ ಕಣ್ ಬಿಟ್ಟು ನೋಡು! ಎಲ್ರೂ ನೋಡ್ರಲೇ!" ಎಂದ. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಬಾಷಾನ ಕಿವಿ ಕೆಂಪಾಯಿತು. "ನಮ್ಮನ್ನ ಕರೆಸಿದ್ದು ಆಡ್ಸಕ್ಕಾ ಅಣ್ಣ, ಮರ್ಯಾದೆ ತೆಗಿಯಕ್ಕಾ?" ಎಂದ ಮೆಲ್ಲಗೆ, ಚಪ್ಪಲಿ ಮೆಟ್ಟಿಕೊಂಡ. ಅವನ ಹಿಂದೆ ಸಿಳ್ಳೆ ಹಾಕಿದವನೂ ಹೋದ, ಎಲ್ಲರೂ ಹೋದರು. "ವೈರು ಅದಲುಬದಲು ಮಾಡೀರಿ ಬಿಡ್ರಣ್ಣ" ಎಂದ ಹೋಗುತ್ತಿದ್ದ ಒಬ್ಬ. ಸಂಜೆಯ ಹೊತ್ತಿಗೆ ಊರಿನಲ್ಲಿ ಅದೇ ಮಾತು: ರುದ್ರೇಶಣ್ಣ ಕಂಬಳಿಯೊಳಗೆ ಏನೋ ಕೈಚಳಕ ಮಾಡಿ ಬಾಷಾನಿಗೆ ಮೋಸ ಮಾಡಿದನಂತೆ. ಜೀವಮಾನದಲ್ಲಿ ಒಂದು ಸುಳ್ಳು ಹೇಳದವನಿಗೆ ನಮ್ಮೂರು ಕೊಟ್ಟ ಬಿರುದು ಅದು.

ನನಗೆ ಊರಿನ ಮೇಲೆ ಈಗಲೂ ಸಿಟ್ಟಿದೆ. ಅವನ ಮೇಲೂ ಇದೆ. ಎಣ್ಣೆಯನ್ನು ಅಂಗೈಗೆ ಬಿಟ್ಟು ತೋರಿಸಬಹುದು, ಯಾಕೆಂದರೆ ಕೊಳ್ಳುವವನಿಗೆ ಎಣ್ಣೆ ಬೇಕು. ಅಲ್ಲಿ ಅವರಿಗೆ ಬೇಕಾಗಿದ್ದದ್ದು ಕೂಗು, ಗುಂಪು, ಸೊನ್ನೆ ಮುಕ್ಕೋನ, ಬಾಷಾನ ಪಕ್ಕದಲ್ಲಿ ಒಂದು ಜಾಗ. ಅದನ್ನೆಲ್ಲ ಬಾಯಿ ಮುಚ್ಚಿಸಿ ಹೊರಗಿಟ್ಟು, ಉಳಿದದ್ದನ್ನು ಮಾತ್ರ ತೂಗಿ, ನೋಡಿ ಎರಡೂ ಒಂದೇ ಎಂದು ತೋರಿಸಿದ. ಎರಡೂ ಒಂದೇ ಹೌದು. ಅದರಿಂದ ಯಾರಿಗೇನಾಯಿತು?

ಮರುದಿನ ಬಾಷಾನ ಹತ್ತಿರ ಹೋಗಿ ಒಂದು ಮಾತಾಡಿ ಬಾ ಎಂದೆ. "ನಾನ್ಯಾಕ್ ಹೋಗ್ಲಿ? ಸತ್ಯ ಕಣ್ಣೆದುರಿಗೇ ಐತಲ್ಲೋ" ಎಂದ. ಮಾತು ಅಲ್ಲಿಗೇ ಮುಗಿಸಲಿಲ್ಲ. ಹಟಕ್ಕೆ ಬಿದ್ದು ಅಂಗಡಿಯಲ್ಲಿದ್ದ ಕರಿಯದನ್ನು ಮಾರಿಬಿಟ್ಟ. ಕೊಂಡವನು ಪಾವಗಡ ರಸ್ತೆಯ ಅಂಗಡಿಯವನು. ಆಮೇಲೆ ಇಡೀ ಬೇಸಿಗೆ ಎದುರು ಅಂಗಡಿಯಲ್ಲಿ ಬಿಳಿಯದರ ಮುಂದೆ ರುದ್ರೇಶಣ್ಣ ಒಬ್ಬನೇ ಕೂತು ಆಡುತ್ತಿದ್ದ. ನಾನು ಗಿರಾಕಿ ಇಲ್ಲದಾಗ ಹೋಗಿ ಎರಡನೆಯ ಹಲಗೆ ಹಿಡಿಯುತ್ತಿದ್ದೆ. ಪ್ರತಿಸಲವೂ ಸೋಲುತ್ತಿದ್ದೆ. ಎಂಥ ಕೈ ಅದು! ಬಾಷಾ ಒಂದು ದಿನ ಅವನ ಜೊತೆ ಕೂತಿದ್ದರೆ ಇಬ್ಬರ ಆಟ ನೋಡಲು ಊರೇ ನೆರೆಯುತ್ತಿತ್ತು. ನಾನು ಸೋತಾಗಲೆಲ್ಲ ಅವನು ಟೀವಿಯ ಕಡೆ ನೋಡಿ, "ಚಿತ್ರ ಎಷ್ಟ್ ಚೊಕ್ಕ ಐತೆ ನೋಡ್ಲೇ" ಎನ್ನುತ್ತಿದ್ದ. ಮಳೆಗಾಲಕ್ಕೆ ಮುಂಚೆ ಬೀಗ ಬಿತ್ತು. ಅವನ ಅವ್ವ ಮೊಳಕಾಲ್ಮೂರಿಗೆ ಹೊರಡಲು ಟ್ರಂಕು ಕಟ್ಟಿದರು. ಈಗ ಆ ಕೋಣೆಯಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಅವನನ್ನು ಕೊನೆಯ ಸಲ ಕಂಡದ್ದು ಹೋದ ವರ್ಷ, ಮೊಳಕಾಲ್ಮೂರಿನಲ್ಲಿ. ನಾದಿನಿಯ ಮದುವೆ, ನಮ್ಮನೆಯವಳಿಗೆ ಒಂದು ರೇಷ್ಮೆ ಸೀರೆ ತರಬೇಕಿತ್ತು. ಕೆಲಸದ ನಡುವೆ ನಾನೊಬ್ಬನೇ ಹೋಗಿದ್ದೆ. ಮಾವ ಹಾಸಿಗೆ ಹಿಡಿದಿದ್ದ. ಗದ್ದುಗೆಯ ಮೇಲೆ ರುದ್ರೇಶಣ್ಣ. ವಿಭೂತಿ ಹಾಗೇ ಇತ್ತು, ಮೈ ತುಂಬಿಕೊಂಡಿತ್ತು, ಕೂದಲಿಗೆ ಬಣ್ಣ. ಎದುರಿಗೆ ಹೆಂಗಸರ ಗುಂಪು ಕೂತಿದ್ದರಿಂದ ನನ್ನನ್ನು ನೋಡಿಯೂ ಕಣ್ಣಲ್ಲೇ ಕೂರಲು ಹೇಳಿದ. ನಾನು ಅದೇ ಮೂಲೆಯಲ್ಲಿ ಕೂತೆ. ಅವನು ಒಂದು ಸೀರೆ ಎತ್ತಿಕೊಂಡು ಸೆರಗನ್ನು ಗಾಳಿಗೆ ಬೀಸಿ ಹರಡಿ, ಮುಖ ಅರಳಿಸಿದ.

"ಈಗ ಎಲ್ರೂ ಇದೇ ತಗಳ್ತಿರೋದು ಕಣಮ್ಮಾ."

ಹೇಳಿದ ಮೇಲೆ ಒಂದು ಸಲ ನನ್ನ ಕಡೆ ನೋಡಿದ. ನಾನು ಬೇರೆ ಕಡೆ ನೋಡಿದೆ. ಹೆಂಗಸರು ಆ ಸೀರೆಯನ್ನು ಕೊಂಡು ನಗುನಗುತ್ತ ಹೋದರು. ಮಾವನಿಗಿಂತ ಚೆನ್ನಾಗಿ ಹೇಳಿದ್ದ ಅಂತ ನನಗೇ ಅನ್ನಿಸಿತು. ಅವನು ಏನು ಕಲಿತರೂ ಚೆನ್ನಾಗಿಯೇ ಕಲಿಯುತ್ತಿದ್ದ.

ಆಮೇಲೆ ಮಾತಾಡಿದೆವು. ಮಳೆ, ಮಾವನ ಕಾಯಿಲೆ, ನನ್ನ ಮಕ್ಕಳು. ಗೇಮಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಸೀರೆ ಬೇಕೆಂದೆ. ಒಂದೇ ಮಗ್ಗದ ಎರಡು ಸೀರೆ ಹರಡಿದ. ಒಂದಕ್ಕೆ ಎಲ್ಲೆಲ್ಲೂ ಕಾಣುವ ಗಿಳಿಹಸಿರು ಅಂಚು, ಇನ್ನೊಂದಕ್ಕೆ ಹೊಗೆಬಣ್ಣದ ಅಂಚು. ಹೊಗೆಬಣ್ಣದ್ದು ನಿಜಕ್ಕೂ ಚೆನ್ನಾಗಿತ್ತು. ಅವನಿಗೆ ಹಿತವಾಗಲಿ ಎಂದೂ ಇರಬೇಕು, ನಾನು ಅದರ ಸೆರಗನ್ನು ಅಂಗೈಯಲ್ಲಿ ಹಿಡಿದು ಉಜ್ಜಿ, ಮೂಗಿನ ಹತ್ತಿರ ತಂದು, "ಅಣ್ಣ, ಇದೇ ಕೊಡು. ಇದೇ ಒಂದ್ ಗುಂಜಿ ಜಾಸ್ತಿ" ಎಂದೆ.

ಅವನು ನಗುತ್ತಾನೆಂದುಕೊಂಡಿದ್ದೆ. ಸೆರಗನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಸುಕ್ಕು ಬಿಡಿಸಿ, ಮಡಿಸಿ, ಹಿಂದಿನ ಗೂಡಿಗೆ ಸೇರಿಸಿದ.

"ಬ್ಯಾಡ ಕಣೋ. ಅದು ಚೆನ್ನಾಗೈತೆ, ನಂಗೊತ್ತೈತೆ. ಆದ್ರೆ ಅದ್ನ ಉಟ್ಕಂಡ್ರೆ ಮದ್ವೆ ಮನೇಲಿ ಆ ತಾಯಿ ಒಬ್ಳೇ ಆಗ್ತಾಳೆ" ಎಂದು ಗಿಳಿಹಸಿರಿನದನ್ನು ಪೊಟ್ಟಣ ಕಟ್ಟಿ ಕೊಟ್ಟ.

ಊರಿಗೆ ಬಂದು ಕೊಟ್ಟೆ. ನಮ್ಮನೆಯವಳು ಬಿಚ್ಚಿ ನೋಡಿ, ಮೈಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, "ಅಯ್ಯೋ, ನಿಮ್ಗೆ ಹೆಂಗ್ ಗೊತ್ತಾಯ್ತ್ರಿ? ಈಗ ಎಲ್ರೂ ಇದೇ ಉಡ್ತಿರೋದು" ಎಂದು ಖುಷಿಪಟ್ಟಳು. ಆರಿಸಿದವನು ರುದ್ರೇಶಣ್ಣ ಎಂದು ನಾನು ಹೇಳಲಿಲ್ಲ. ಹೊಗೆಬಣ್ಣದ ಸೆರಗು ಉಜ್ಜಿದ ಅಂಗೈ ತೊಳೆಯಲು ಹಿತ್ತಲಿಗೆ ಹೋದೆ.